ಹಾಲುಹಲ್ಲು ಹೆಂಗೂ ಬೀಳೋದಲ್ಲೇನ್ರೀ?

"ಹೆಂಗೂ ಬೀಳೋ ಹಲ್ಲರೀ ಮೇಡಂ, ಅದಕ್ಯಾಕ ರೊಕ್ಕ ಹಾಕಬೇಕು?"

ಹುಬ್ಬಳ್ಳಿಯಲ್ಲಿ ಮಕ್ಕಳ ಹಲ್ಲಿನ ಡಾಕ್ಟರಾಗಿರುವ ನನಗೆ ಈ ಪ್ರಶ್ನೆ ಕ್ಲಿನಿಕ್ಕಿನಲ್ಲಷ್ಟೇ ಬರುವುದಿಲ್ಲ. ಮದುವೆ ಊಟದ ಪಂಕ್ತಿಯಲ್ಲಿ ಕೇಳುತ್ತಾರೆ, ಜನತಾ ಬಜಾರಿನಲ್ಲಿ ಮೆಂತ್ಯೆಸೊಪ್ಪು ಆರಿಸುವಾಗ ಕೇಳುತ್ತಾರೆ, ಧಾರವಾಡದ ಚಿಗರಿ ಬಸ್ಸಿನಲ್ಲಿ ಕಂಬಿಗೆ ಜೋತುಬಿದ್ದುಕೊಂಡೂ ಕೇಳುತ್ತಾರೆ. ಹೇಳಿ ಹೇಳಿ ಸಾಕಾಗಿದೆ. ಇನ್ನು ಮುಂದೆ ಕೇಳಿದವರಿಗೆ ಇದರ ಲಿಂಕ್ ಕಳಿಸಿ, ಮೆಂತ್ಯೆ ತಗೊಂಡು ಮನೆಗೆ ಹೋಗುತ್ತೇನೆ.

ಬೀಳುತ್ತವೆ, ಯಾರು ಇಲ್ಲ ಅಂದರು? ಮುಂದಿನವು ಆರೇಳು ವರ್ಷಕ್ಕೆ ಬೀಳುತ್ತವೆ. ದವಡೆ ಹಲ್ಲು ಬೀಳುವುದು ಒಂಬತ್ತರಿಂದ ಹನ್ನೆರಡಕ್ಕೆ. ನಿಮ್ಮ ಕೂಸಿಗೆ ಈಗ ನಾಲ್ಕು. ಬಾಡಿಗೆ ಮನೆ, ಹೆಂಗೂ ಬಿಡೋದೇ ಅಂತ ಸೋರುವ ಮಾಳಿಗೆ ಕೆಳಗೆ ಎಂಟು ಮಳೆಗಾಲ ಕೂಡುತ್ತೀರೇನು? ಒಬ್ಬರಿಗೆ ಹೀಗೇ ಕೇಳಿದೆ. "ನಮ್ದು ಸ್ವಂತ ಮನಿ ಐತ್ರಿ" ಅಂದರು.

ಹೊತ್ತಿಗೆ ಮೊದಲೇ ದವಡೆಯ ಹಾಲುಹಲ್ಲು ಕಿತ್ತರೆ ಪಕ್ಕದ ಹಲ್ಲು ಆ ಜಾಗಕ್ಕೆ ವಾಲುತ್ತದೆ. ಮುಂದೆ ಬರುವ ಹಲ್ಲು ಜಾಗ ಸಾಲದೆ ಸೊಟ್ಟ ಬರುತ್ತದೆ. ಆಮೇಲೆ ತಂತಿ ಹಾಕಿಸಲು ನನ್ನ ಹತ್ತಿರವೇ ಬರುತ್ತೀರಿ, ರೊಕ್ಕ ತಗೊಂಡು. ಇದಕ್ಕಿಂತ ಕೆಟ್ಟದ್ದೊಂದಿದೆ. ಆರನೇ ವರ್ಷದ ಸುಮಾರಿಗೆ, ಯಾವ ಹಲ್ಲೂ ಬೀಳದೆಯೇ, ಎಲ್ಲಕ್ಕಿಂತ ಹಿಂದೆ ಒಂದು ದೊಡ್ಡ ದವಡೆ ಹಲ್ಲು ಮೂಡುತ್ತದೆ. ಅದು ಸಾಯೋತನಕ ಇರಬೇಕಾದದ್ದು. ಅದು ಹುಳುಕಾದಾಗಲೂ "ಬೀಳ್ತದ ಬಿಡ್ರಿ" ಅಂತ ಕಾಯುತ್ತಾ ಕೂತವರನ್ನು ನೋಡಿದ್ದೇನೆ.

ಕುಂದಗೋಳ ಕಡೆಯಿಂದ ಒಮ್ಮೆ ಅಪ್ಪ, ಅವ್ವ, ಆಯಿ ಎಲ್ಲ ಕೂಡಿ ನಾಲ್ಕು ವರ್ಷದ ಹುಡುಗನನ್ನು ಕರೆತಂದಿದ್ದರು. ಗಲ್ಲ ಬಾತಿತ್ತು. ಕೂತ ತಕ್ಷಣ ಅಪ್ಪನಿಂದ ಅದೇ ಪ್ರಶ್ನೆ, ಅದೂ ಹುಡುಗನ ಎದುರಿಗೇ. ನೋವು ಯಾವಾಗಿನಿಂದ ಅಂತ ಕೇಳಿದೆ. "ನೋವಂತ ಒಂದಿನಾನೂ ಹೇಳಿಲ್ರಿ. ಹಟಮಾರಿ ಅದಾನ ಅಷ್ಟ" ಅಂದಳು ಅವ್ವ. ರೊಟ್ಟಿ ಮುಟ್ಟುವುದಿಲ್ಲವಂತೆ, ಹಾಲಿನಲ್ಲಿ ನೆನೆಸಿ ಕೊಟ್ಟರೆ ನುಂಗುತ್ತಾನಂತೆ. ರಾತ್ರಿ ಎದ್ದು ಅಳುತ್ತಾನೆಂದು ಆಯಿ ಉಪ್ಪು-ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದ್ದಳು. "ಒಂದ ಕಡೆ ಗಲ್ಲ ಉಬ್ಬಿಸಿಕೊಂಡು ತಿಂತಾನ್ರಿ, ಅದು ಅವನ ಸ್ಟೈಲು" ಅಂತ ಅಪ್ಪ ನಕ್ಕ. ಅವರಪ್ಪನೂ ಹಿಂಗ ಇದ್ದ ಅಂತ ಆಯಿ ಸೇರಿಸಿದಳು.

ಬಾಯಿ ತೆರೆಸಿದೆ. ಮೇಲಿನ ನಾಲ್ಕು ಮುಂದಿನ ಹಲ್ಲು ಒಸಡಿನ ಮಟ್ಟಕ್ಕೆ ಕಂದು ಮೊಂಡು, ಕೆಳಗಿನವು ಬೆಳ್ಳಗೆ. ಸಕ್ಕರೆ ಹಾಲಿನ ಬಾಟಲಿ ಬಾಯಲ್ಲಿಟ್ಟು ಮಲಗಿಸಿದರೆ ಹೀಗೇ ಆಗುವುದು. ಕೆಳಗಿನವನ್ನು ನಾಲಿಗೆ ಮುಚ್ಚಿ ಕಾಯುತ್ತದೆ. ಎಡ ದವಡೆಯಲ್ಲೊಂದು ಕುಳಿ, ಅದರ ಒಸಡಿನಲ್ಲಿ ಕೀವಿನ ಗುಳ್ಳೆ. ಸ್ಟೈಲಲ್ಲ ಮಾರಾಯ, ಎಡಗಡೆ ಅಗಿಯಲು ಆಗದೆ ಹುಡುಗ ತನ್ನ ಪಾಡಿಗೆ ತಾನೇ ವ್ಯವಸ್ಥೆ ಮಾಡಿಕೊಂಡಿದ್ದ.

ಅವತ್ತಿನಿಂದ ನನಗೆ ಯಾರಾದರೂ ಬೇರೆ ಪ್ರಶ್ನೆ ಕೇಳಲಿ ಅನ್ನಿಸುತ್ತದೆ: "ಕೂಸಿಗೆ ನೋವು ಐತಂತ ನಮಗ ಹೆಂಗ ಗೊತ್ತಾಗಬೇಕು?"

ಹೇಳುತ್ತೇನೆ ಕೇಳಿ. ಹಲ್ಲು ಬಂದಾಗಿನಿಂದ ಅದೇ ನೋವಿದ್ದರೆ, ತಿನ್ನುವುದೆಂದರೆ ಇಷ್ಟೇ ಅಂದುಕೊಂಡಿರುತ್ತದೆ ಮಗು. ಸಣ್ಣ ಮಕ್ಕಳ ಬಾಯಿಯ ತೊಂದರೆ ಅಳೆಯಲು 2007ರಲ್ಲಿ ಬಂದ ಇಕೋಹಿಸ್ ಅನ್ನುವ ಪ್ರಶ್ನಾವಳಿಯಿದೆ. ಉತ್ತರ ಕೊಡುವವರು ಅಪ್ಪ-ಅಮ್ಮ. 13 ಪ್ರಶ್ನೆಗಳಲ್ಲಿ ನೇರವಾಗಿ ನೋವನ್ನು ಕೇಳುವುದು ಒಂದೇ. ಉಳಿದವೆಲ್ಲ ನಿದ್ದೆ, ಸಿಡಿಮಿಡಿ, ಬಿಸಿ-ತಣ್ಣಗಿನದು ಕುಡಿಯಲು ಕಷ್ಟ, ನಗಲು ಹಿಂಜರಿಕೆ, ಶಾಲೆಗೆ ಚಕ್ಕರ್ ಇಂಥವು. ಕೊನೆಯ ನಾಲ್ಕು ನಿಮ್ಮ ಬಗ್ಗೆಯೇ: ಬೇಜಾರಾಯಿತೇ, ನನ್ನದೇ ತಪ್ಪು ಅನ್ನಿಸಿತೇ, ಕೆಲಸ ಬಿಟ್ಟಿರಾ, ಖರ್ಚಾಯಿತೇ. ನೋಡಿ, ರೊಕ್ಕದ ಪ್ರಶ್ನೆ ಅವರೂ ಕೇಳಿದ್ದಾರೆ, ಆದರೆ ಕಟ್ಟಕಡೆಗೆ.

ಅದಕ್ಕೂ ಮೊದಲು ಮನೆಯಲ್ಲೇ ಮೇಲ್ದುಟಿ ಎತ್ತಿ ನೋಡಿ. ಒಸಡಿನಂಚಿಗೆ ಸುಣ್ಣ ಬಳಿದಂಥ ಬಿಳಿ ಗೆರೆ ಕಂಡರೆ ಹುಳುಕು ಶುರುವಾಗಿದೆ, ಆದರೆ ಫ್ಲೋರೈಡ್ ಹಚ್ಚಿ ತಡೆಯಬಹುದು, ಕೊರೆಯುವ ಮಾತೇ ಇಲ್ಲ. ಮೂರು ವರ್ಷದೊಳಗೆ ಅಕ್ಕಿಕಾಳಿನಷ್ಟು ಪೇಸ್ಟು, ಆಮೇಲೆ ಬಟಾಣಿಯಷ್ಟು, ಉಜ್ಜುವವರು ನೀವು.

ಕುಂದಗೋಳದ ಹುಡುಗನ ದವಡೆ ಹಲ್ಲಿಗೆ ಬೇರಿನ ಚಿಕಿತ್ಸೆ ಮಾಡಿ ಸ್ಟೀಲ್ ಕ್ಯಾಪ್ ಹಾಕಿದೆ. ಮುಂದೆ ತಪಾಸಣೆಗೆ ಬಂದಾಗ ಹೆಂಗದಾನ ಅಂತ ಕೇಳಿದೆ. "ಹಟ ಬಿಟ್ಟಿಲ್ರಿ, ಆದ್ರ ಈಗ ರೊಟ್ಟಿ ತಿಂದು ಹಟ ಮಾಡ್ತಾನ" ಅಂದಳು ಅವ್ವ.

ಒಂದು ವರ್ಷ ತುಂಬುವುದರೊಳಗೆ ಒಮ್ಮೆ ತೋರಿಸಿ ಅಂತ ಎಲ್ಲರಿಗೂ ಹೇಳುತ್ತೇನೆ. "ನಾಕ ಹಲ್ಲಿನ ಕೂಸಿನ ಬಾಯಾಗ ಏನ ನೋಡ್ತೀರಿ?" ಅನ್ನುತ್ತಾರೆ. ಅದಕ್ಕೆ ಬೇರೆಯೇ ಬರೆಯಬೇಕು.