ಎರಡು ಸೆಕೆಂಡು, ಒಂದು ಸೀನು

"ಹಾಗಾದ್ರೆ ಅಷ್ಟೊತ್ತಿಗೆ ಸರಿಯಾಗಿ ನನಗೆ ಸೀನು ಬಂದ್ರೆ?"

ಭಾನುವಾರ ಮಗಳು ಕೇಳಿದ ಪ್ರಶ್ನೆ. ಇವತ್ತು ಗುರುವಾರ. ಇನ್ನೂ ತಲೆಯಿಂದ ಇಳಿದಿಲ್ಲ.

ವಾಲೇಸ್ ಅನ್ನುವ ಮನುಷ್ಯ, ಗ್ರೋಮಿಟ್ ಅನ್ನುವ ಅವನ ನಾಯಿ, ಇಬ್ಬರೂ ಕ್ಲೇ ಬೊಂಬೆಗಳು. ಅವರ ಸಿನಿಮಾಗಳನ್ನು ಹೇಗೆ ಮಾಡುತ್ತಾರೆ ಅನ್ನುವ ಸಾಕ್ಷ್ಯಚಿತ್ರ ನೋಡುತ್ತಾ ಕೂತಿದ್ದೆವು. ನಾನು, ಅವಳು, ಪಕ್ಕದಲ್ಲಿ ಮೊಬೈಲ್ ಬಿಡದ ನನ್ನ ಭಾವ. ಆನಿಮೇಟರ್ ಒಬ್ಬ ಗ್ರೋಮಿಟ್ ಹುಬ್ಬಿನ ಮೇಲೆ ಹೆಬ್ಬೆರಳಿಟ್ಟು ಒಂಚೂರು ಒತ್ತಿದ. ಹಿಂದೆ ಸರಿದ. ಕ್ಲಿಕ್. ಮತ್ತೆ ಬಂದ, ಒಂಚೂರು ಒತ್ತಿದ, ಸರಿದ. ಕ್ಲಿಕ್. ಆ ನಾಯಿಗೆ ಏನೋ ಅನುಮಾನ ಬಂದಿತ್ತು. ಅನುಮಾನ ಪೂರ್ತಿ ಮುಖಕ್ಕೆ ಬರುವಷ್ಟರಲ್ಲಿ ಆತ ಅದೆಷ್ಟು ಸಲ ಓಡಾಡಿದನೋ.

ನಾನು ಲೆಕ್ಕ ಬಿಡಿಸಿ ಹೇಳಿದೆ. ಸಿನಿಮಾದ ಒಂದು ಸೆಕೆಂಡಿಗೆ 24 ಫ್ರೇಮ್, ಅಂದರೆ 24 ಬಿಡಿ ಚಿತ್ರ. ಒಂದೊಂದು ಭಂಗಿಯನ್ನು ಎರಡೆರಡು ಫ್ರೇಮ್ ತೋರಿಸಿದರೂ ಸೆಕೆಂಡಿಗೆ 12 ಸಲ ಬೊಂಬೆಯನ್ನು ಮುಟ್ಟಿ ಬದಲಿಸಬೇಕು. ದಿನವಿಡೀ ದುಡಿದರೆ ಒಬ್ಬನ ಕೈಯಿಂದ ಬರುವುದು ಎರಡೋ ಮೂರೋ ಸೆಕೆಂಡು. ಆಗ ಅವಳು ಸೀನಿನ ಮಾತು ತೆಗೆದಳು.

"ಬಂದ್ರೆ ಏನು, ನಿನಗೆ ಅದು ಕಾಣಿಸಲ್ಲ ಅಷ್ಟೇ" ಅಂದೆ.

"ಅಂದ್ರೆ ಅವರ ಇಡೀ ದಿನ ವೇಸ್ಟಾ?"

ಭಾವ ತಲೆ ಎತ್ತದೆ, "ಇದನ್ನೆಲ್ಲ ಈಗ ಕಂಪ್ಯೂಟರಲ್ಲೇ ಮಾಡಬಹುದು, ಸುಮ್ನೆ ಒದ್ದಾಟ" ಅಂದರು. ಭಾವ ಒಳ್ಳೆಯವರು. ಆದರೆ ಟ್ರೇಲರ್ ನೋಡಿ ಇಡೀ ಸಿನಿಮಾದ ಬಗ್ಗೆ ತೀರ್ಪು ಕೊಡುವ ಪೈಕಿ.

ನಾನು ಆ ಹುಬ್ಬಿನ ಬಗ್ಗೆಯೇ ಯೋಚಿಸುತ್ತಿದ್ದೆ. ಗ್ರೋಮಿಟ್‌ಗೆ ಬಾಯಿಯೇ ಇಲ್ಲ. ಈ ಜೋಡಿಯನ್ನು ಸೃಷ್ಟಿಸಿದ ನಿಕ್ ಪಾರ್ಕ್ ಮೊದಲು ಅವನನ್ನು ಮಾತಾಡಿಸಬೇಕು ಅಂತಲೇ ಇದ್ದರಂತೆ. ಕೆಲಸಕ್ಕೆ ಇಳಿದ ಮೇಲೆ ಆ ಬಾಯಿಯ ತನಕ ಕೈ ಹಾಕುವುದೇ ಕಷ್ಟ ಅನ್ನಿಸಿತು. ಹುಬ್ಬನ್ನು ಸ್ವಲ್ಪ ಮೇಲೆ ಕೆಳಗೆ ಮಾಡಿದರೆ ಸಾಕು, ಅವನ ಮನಸ್ಸಿನಲ್ಲಿರುವುದೆಲ್ಲ ಗೊತ್ತಾಗುತ್ತದೆ ಅಂತ ಕಂಡಿತು. ಬಾಯಿ ಹೋಯಿತು. ಇತ್ತ ವಾಲೇಸ್ ಬಾಯಿ ಮುಚ್ಚುವುದೇ ಇಲ್ಲ. ಅವನ ಅಗಲ ಬಾಯಿ ಕೂಡ ದನಿ ಕೊಟ್ಟ ಪೀಟರ್ ಸ್ಯಾಲಿಸ್ 'ಚೀಸ್' ಅನ್ನುತ್ತಿದ್ದ ರೀತಿಯಿಂದ ಬಂದದ್ದು.

ಆ ಸ್ಯಾಲಿಸ್ ಕತೆ ಇನ್ನೂ ಚೆನ್ನಾಗಿದೆ. ಪಾರ್ಕ್ ಇನ್ನೂ ಸಿನಿಮಾ ಶಾಲೆಯ ವಿದ್ಯಾರ್ಥಿ. ಸ್ಯಾಲಿಸ್ ಮೆಚ್ಚಿದ ದಾನಸಂಸ್ಥೆಗೆ ಐವತ್ತು ಪೌಂಡ್ ಕೊಟ್ಟು ದನಿ ರೆಕಾರ್ಡ್ ಮಾಡಿಸಿಕೊಂಡು ಹೋದರು. ಆಮೇಲೆ ವರ್ಷಗಟ್ಟಲೆ ಸುದ್ದಿಯಿಲ್ಲ. 1982ರಲ್ಲಿ ಶುರುವಾದ, ಈ ಜೋಡಿಯ ಮೊದಲ ಸಿನಿಮಾ 'ಎ ಗ್ರ್ಯಾಂಡ್ ಡೇ ಔಟ್' ತೆರೆಗೆ ಬಂದದ್ದು 1989ರಲ್ಲಿ. ಅದು ಇಪ್ಪತ್ಮೂರು ನಿಮಿಷದ ಸಿನಿಮಾ! ಅಷ್ಟು ವರ್ಷ ಆ ಹುಡುಗ "ಮುಗೀತಾ?" ಅನ್ನುವ ಪ್ರಶ್ನೆಗೆ ಏನು ಉತ್ತರ ಕೊಡುತ್ತಿದ್ದನೋ. ಅವನಿಗೂ ಒಬ್ಬ ಭಾವ ಇದ್ದಿರಬೇಕು.

ಸೋಮವಾರ ಕೆಲಸಕ್ಕೆ ಕೂತೆ. ನಾನು ಕರಡು ತಿದ್ದುವವಳು. ನನ್ನ ಕೆಲಸ ಸರಿಯಾಗಿದ್ದರೆ ಯಾರಿಗೂ ಕಾಣುವುದಿಲ್ಲ, ತಪ್ಪಿದರೆ ಎಲ್ಲರಿಗೂ ಕಾಣುತ್ತದೆ. ಒಂದು ಒತ್ತಕ್ಷರದ ಮೇಲೆ ಪೆನ್ನಿಟ್ಟಾಗ ಮಗಳ ಮಾತು ನೆನಪಾಯಿತು. ಓದುವವರು ಈ ಸಾಲಿಗೆ ಬಂದಾಗ ಸೀನಿದರೆ? ನಗು ಬಂತು. ಆಮೇಲೆ ಅಷ್ಟೊಂದು ನಗು ಬರಲಿಲ್ಲ.

ನೋಡಲಿ ಅನ್ನುವ ಆಸೆ ನನಗಿದೆ, ಸುಳ್ಳು ಹೇಳಬಾರದು. ಆ ಆನಿಮೇಟರ್‌ಗೂ ಇರುತ್ತದೆ. ಆದರೆ ಅವನ ಸ್ಥಿತಿ ನನಗಿಂತ ವಿಚಿತ್ರ. ಅವರು ಬಳಸುವುದು ಎಣ್ಣೆ ಬೆರೆತ, ಒಣಗದ ಕ್ಲೇ. ಒಣಗುವುದಿಲ್ಲ ಅಂದರೆ ನಿಲ್ಲುವುದೂ ಇಲ್ಲ. ಈಗ ಮಾಡಿದ ಹುಬ್ಬನ್ನು ಕೆಡಿಸಿದರೇನೇ ಮುಂದಿನ ಹುಬ್ಬು. ಸಂಜೆ ಮನೆಗೆ ಹೊರಡುವಾಗ ಬೊಂಬೆಯ ಮುಖದಲ್ಲಿ ಉಳಿದಿರುವುದು ಕೊನೆಯ ಭಂಗಿ ಮಾತ್ರ.

2005ರ ಅಕ್ಟೋಬರ್‌ನಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿದ್ದ, ಈ ಸಿನಿಮಾಗಳನ್ನು ಮಾಡುವ ಆರ್ಡ್‌ಮನ್ ಸ್ಟುಡಿಯೋದ ಗೋದಾಮಿಗೆ ಬೆಂಕಿ ಬಿತ್ತು. ಹಳೆಯ ಸೆಟ್‌ಗಳು, ಬೊಂಬೆಗಳು ಸುಟ್ಟುಹೋದವು. ಅದಕ್ಕೆ ಎರಡು ದಿನ ಮೊದಲಷ್ಟೇ ಕಾಶ್ಮೀರದಲ್ಲಿ ಭೂಕಂಪವಾಗಿತ್ತು. ಅಂಥ ದುರಂತಗಳ ಮುಂದೆ ಇದು ದೊಡ್ಡದಲ್ಲ ಅಂದರು ಪಾರ್ಕ್. ಮೊದಲು ಓದಿದಾಗ ಇದು ಬರೀ ದೊಡ್ಡತನದ ಮಾತು ಅಂದುಕೊಂಡಿದ್ದೆ. ದಿನಕ್ಕೆ ಇಪ್ಪತ್ತು ಮೂವತ್ತು ಸಲ ತನ್ನ ಕೆಲಸವನ್ನು ತಾನೇ ಅಳಿಸುವ ಅಭ್ಯಾಸವೂ ಅದರ ಹಿಂದೆ ಇದ್ದಿರಬಹುದು ಅಂತ ಈಗ ಅನ್ನಿಸುತ್ತಿದೆ. ಗೊತ್ತಿಲ್ಲ. ನನ್ನ ಒಂದು ಫೈಲ್ ಅಳಿಸಿಹೋದಾಗ ನಾನು ಎರಡು ದಿನ ಯಾರ ಜೊತೆಗೂ ಮಾತಾಡಿರಲಿಲ್ಲ.

ನಿನ್ನೆ ರಾತ್ರಿ 'ದಿ ರಾಂಗ್ ಟ್ರೌಸರ್ಸ್' ಹಾಕಿದೆವು. ಆಟಿಕೆ ರೈಲಿನ ಮೇಲೆ ಕೂತ ಗ್ರೋಮಿಟ್, ಓಡುವ ರೈಲಿನ ಮುಂದೆ ತಾನೇ ಹಳಿ ಜೋಡಿಸುತ್ತಾ ಹೋಗುವ ದೃಶ್ಯ ಬಂತು. ಮಗಳು ಕಣ್ಣು ಮಿಟುಕಿಸದೆ ಕೂತಿದ್ದಳು. ಬೇಕಂತಲೇ. ಕಣ್ಣಲ್ಲಿ ನೀರು ಬಂದಿತ್ತು. ನಡುವೆ ಒಮ್ಮೆ ನಿಲ್ಲಿಸಿ, "ಅಮ್ಮಾ, ಕಿವಿ ಹತ್ರ ನೋಡು, ಬೆರಳಚ್ಚು" ಅಂದಳು. ನನಗೆ ಕಾಣಲಿಲ್ಲ. ಕಂಡಿತು ಅಂದೆ.

ರೈಲು ಮತ್ತೆ ಹೊರಟಿತು. ಅಷ್ಟರಲ್ಲಿ ಭಾವ ಸೀನಿದರು.

ಮಗಳು ರಿಮೋಟ್ ತಗೊಂಡು ಹಿಂದಕ್ಕೆ ಓಡಿಸಿ, "ಮಾಮ, ಈಗ ನೋಡಿ" ಅಂದಳು.

ಭಾವ ಮೊಬೈಲ್ ಕೆಳಗಿಟ್ಟರು.