ಅಂಗಡಿಗೆ ಹೋದ ಭಾನುವಾರ

ನಾಳೆ ಅಂಗಡಿಗೆ ಹೋಗೋಣವೆಂದು ಹೇಳಿದಾಗ ತಂಗಿಯ ಮಗ, "ಏನು ಕೊಡಿಸ್ತೀರಿ ಮಾವ?" ಎಂದು ಕೇಳಿದ. ಅದು ಮೂಡಿಗೆರೆ ತಾಲ್ಲೂಕಿನ ಒಂದು ಊರಿನ ಹೆಸರೆಂದೂ, ಅವನ ಪಠ್ಯಪುಸ್ತಕದಲ್ಲಿ ಹುಲಿಯೊಡನೆ ಸೆಣಸುವ ಸಳನ ಊರು ಅದೇ ಎಂದೂ ತಿಳಿಸಿದ ಮೇಲೆ ಅವನಿಗೆ ರಾತ್ರಿಯೆಲ್ಲ ಹುಲಿಯದೇ ಧ್ಯಾನ.

ಶಾಸನಗಳಲ್ಲಿ ಸೊಸೆವೂರೆಂದು ಕರೆಸಿಕೊಂಡ, ಸಂಸ್ಕೃತದಲ್ಲಿ ಶಶಕಪುರವಾದ ಈ ಊರಿನಲ್ಲಿ ಅರಮನೆಯ ಗತ್ತನ್ನು ಹುಡುಕಬಾರದು. ಕಾಫಿ ತೋಟ, ಹಳೆಯ ಬಸದಿಗಳು, ಕೇಶವ, ಮಲ್ಲಿಕಾರ್ಜುನ, ಪಾತಾಳರುದ್ರೇಶ್ವರರ ಗುಡಿಗಳು, ಮತ್ತು ಸುತ್ತಲಿನವರು ಇಂದಿಗೂ ಹರಕೆ ಹೊರುವ ವಸಂತಮ್ಮ, ಇಷ್ಟೇ ಇಲ್ಲಿರುವುದು. ಹೊಯ್ಸಳ ಅರಸ ವಿನಯಾದಿತ್ಯನ ಗುರು, ಜೈನ ಮುನಿ ಶಾಂತಿದೇವರು 1062ರಲ್ಲಿ ಇಲ್ಲಿಯೇ ಸಮಾಧಿಮರಣ ಹೊಂದಿದರು. ಬಸದಿಯ ಮುಂದಿನ ನೀರವದಲ್ಲಿ ನಿಂತಾಗ ನನಗೆ ಸಳನಿಗಿಂತ ಆ ಗುರುಗಳೇ ಹೆಚ್ಚು ಹತ್ತಿರದವರೆನಿಸಿದರು.

ವಸಂತಮ್ಮನ ಗುಡಿಯ ಬಳಿ ಕುಳಿತು ನಾನೊಂದು ತಪ್ಪು ಮಾಡಿದೆ. ಹುಲಿಯನ್ನು ಕಂಡ ಜೈನ ಮುನಿ "ಹೊಯ್ ಸಳ" ಎಂದ ಕಥೆ 1117ರ ಬೇಲೂರಿನ ಶಾಸನದಲ್ಲಿ ಬರುತ್ತದೆಂದೂ, ಅದಕ್ಕೆ ಒಂದು ವರ್ಷ ಮೊದಲು ವಿಷ್ಣುವರ್ಧನ ಚೋಳರಿಂದ ತಲಕಾಡನ್ನು ಗೆದ್ದುಕೊಂಡಿದ್ದನೆಂದೂ, ಚೋಳರ ಲಾಂಛನ ಹುಲಿಯಾದ್ದರಿಂದ ಆ ಗೆಲುವೇ ಕಥೆಯಾಗಿರಬಹುದೆಂದು ಕೆಲವು ವಿದ್ವಾಂಸರು ಭಾವಿಸುತ್ತಾರೆಂದೂ ವಿವರಿಸಿದೆ. ಹತ್ತು ವರ್ಷದ ಹುಡುಗನಿಗೆ ಅದನ್ನು ಅಲ್ಲಿಯೇ ಹೇಳಬೇಕಾಗಿರಲಿಲ್ಲ.

"ಹಾಗಾದ್ರೆ ಹುಲಿ ಇರಲೇ ಇಲ್ವಾ?" ಎಂದು ಅವನು ಸಪ್ಪೆ ಮುಖ ಮಾಡಿದ.

ಪಕ್ಕದಲ್ಲಿ ಹಣ್ಣುಕಾಯಿ ಹಿಡಿದು ಕುಳಿತಿದ್ದ ಅಜ್ಜಿಯೊಬ್ಬರು ನನ್ನ ಕಡೆ ನೋಡದೆಯೇ ಉತ್ತರಿಸಿದರು: "ಇಲ್ದೆ ಏನು ಮಗ? ನಮ್ಮಜ್ಜನ ಕಾಲದಲ್ಲೂ ಕೊಟ್ಟಿಗೆಯಿಂದ ದನ ಹೊತ್ಕೊಂಡು ಹೋಗ್ತಿತ್ತಂತೆ."

ಅವರ ಮಾತಿಗೆ ನನ್ನಲ್ಲಿ ಎದುರುತ್ತರವಿರಲಿಲ್ಲ. ಬೇಲೂರಿಗೆ, ದ್ವಾರಸಮುದ್ರಕ್ಕೆ ಇಳಿದು ದೊಡ್ಡ ಅರಸರಾದ ಮೇಲೂ ಹೊಯ್ಸಳರು 'ಮಲೆಪರೊಳ್ ಗಂಡ', ಅಂದರೆ ಮಲೆನಾಡಿನ ನಾಯಕರಲ್ಲಿ ಶೂರ, ಎಂಬ ಬಿರುದನ್ನು ಬಿಡಲಿಲ್ಲ. ಹುಲಿ ಕೊಟ್ಟಿಗೆಗೆ ನುಗ್ಗುವ ಇಂಥ ಕಾಡಿನಲ್ಲಿ ನಾಯಕನಾಗಬೇಕಾದವನಿಂದ ಊರಿನವರು ಮೊದಲು ಬಯಸಿದ್ದು ಏನನ್ನೆಂದು ಊಹಿಸುವುದು ಕಷ್ಟವಲ್ಲ. ಇದನ್ನು ಹೇಳಿದ ಮೇಲೆ ಹುಡುಗ ಗೆಲುವಾದ; ದಾರಿಯುದ್ದಕ್ಕೂ ಕೋಲು ಹಿಡಿದು ಕಾಫಿ ಗಿಡಗಳ ಮರೆಯಲ್ಲಿ ಹುಲಿ ಹುಡುಕಿದ.

ಮೂಡಿಗೆರೆಯ ಬಸ್ ನಿಲ್ದಾಣದಲ್ಲಿ ಕಡಲೆಮಿಠಾಯಿ ಕೊಡಿಸುವವರೆಗೂ, ಅಂಗಡಿಗೆ ಹೋಗಿ ಬರಿಗೈಯಲ್ಲಿ ಬಂದೆವೆಂಬ ದೂರು ಮಾತ್ರ ನಿಲ್ಲಲಿಲ್ಲ.