ಹೊಂಗೆ ಹೂ ಉದುರುವ ಹೊತ್ತಿನಲ್ಲಿ

ಯುಗಾದಿ ಕಳೆದು ಒಂದು ವಾರವಾಗಿತ್ತು. ಮಂಡ್ಯದ ಸಮೀಪ ವಿಶ್ವೇಶ್ವರಯ್ಯ ನಾಲೆಯ ನೀರುಣ್ಣುವ ನಮ್ಮ ಗದ್ದೆಯಲ್ಲಿ ಬೇಸಿಗೆ ಭತ್ತದ ಕಳೆ ಕೀಳುತ್ತ ಮೂರು ದಿನ ಕೆಸರಿನಲ್ಲೇ ನಿಂತಿದ್ದರಿಂದ ನನ್ನ ಕಾಲ್ಬೆರಳ ಸಂದುಗಳು ಬೆಳ್ಳಗೆ ನೆಂದು, ಸುಲಿದು, ರಾತ್ರಿಯೆಲ್ಲ ನಿದ್ದೆಗೆಡಿಸುವಷ್ಟು ನವೆಯೇಳುತ್ತಿದ್ದವು. ಬೆಳಿಗ್ಗೆ ಅದನ್ನು ಕಂಡ ಅಜ್ಜಿ ಹೆಚ್ಚು ಮಾತಾಡದೆ ಬುಟ್ಟಿ ಹಿಡಿದು ಬದುವಿನ ಹೊಂಗೆಮರದತ್ತ ಹೊರಟಳು. ನಾನೂ ಕುಂಟುತ್ತ ಹಿಂದೆ ನಡೆದೆ.

ಮರದ ಬುಡದಲ್ಲಿ ಪುರಿ ಚೆಲ್ಲಿದಂತೆ ಹೂ ಉದುರಿತ್ತು. ಬಿಳಿಗೆ ನಸುನೇರಳೆ ಬೆರೆತ ಗೊಂಚಲುಗಳ ತುಂಬ ಜೇನ್ನೊಣಗಳು ಮೊರೆಯುತ್ತಿದ್ದವು. ಹೊಂಗೆಯ ಹೂ ಕಾಯಿಕಟ್ಟಿ ಬಲಿಯಲು ಹೆಚ್ಚುಕಡಿಮೆ ಒಂದು ವರ್ಷ ಹಿಡಿಯುವುದರಿಂದ, ಹೋದ ವರ್ಷದ ಒಣಗಿದ ಕಾಯಿಗಳೂ ಅದೇ ಕೊಂಬೆಗಳಲ್ಲಿದ್ದವು. ಆ ಚಪ್ಪಟೆ ಕಾಯಿಗಳನ್ನು ಆರಿಸಿ ತಂದು ಸುಲಿದಾಗ ಒಂದೊಂದರಲ್ಲೂ ಕಂದುಬಣ್ಣದ ಒಂದೇ ಬೀಜ ಸಿಕ್ಕಿತು. ಅಜ್ಜಿ ಅವನ್ನು ಒರಳಿನಲ್ಲಿ ಕುಟ್ಟಿ, ನೀರು ಬೆರೆಸಿ ಸಣ್ಣ ಉರಿಯಲ್ಲಿ ಕುದಿಸಿದಳು. ಮಧ್ಯಾಹ್ನದ ಹೊತ್ತಿಗೆ ಮೇಲೆ ತೇಲಿದ ಮಂದವಾದ ಎಣ್ಣೆಯನ್ನು ಸೌಟಿನ ಅಂಚಿನಿಂದ ತೆಗೆದು ಬಟ್ಟಲಿಗಿಳಿಸಿದಾಗ, ಅದರ ಕಟುವಾದ ವಾಸನೆ ಹಜಾರದವರೆಗೂ ಹರಡಿತು. ಬುಟ್ಟಿ ತುಂಬ ಕಾಯಿಗೆ ದಕ್ಕಿದ್ದು ಅರ್ಧ ಬಟ್ಟಲು ಮಾತ್ರ.

ಚರಕಸಂಹಿತೆ ತುರಿಕೆ ಕಳೆಯುವ ಹತ್ತು ದ್ರವ್ಯಗಳನ್ನು ‘ಕಂಡೂಘ್ನ’ವೆಂದು ಕರೆದು, ಬೇವು, ಕಕ್ಕೆಗಳ ಜೊತೆಗೆ ‘ನಕ್ತಮಾಲ’ವೆಂಬ ಹೆಸರಿನಲ್ಲಿ ಹೊಂಗೆಯನ್ನೂ ಎಣಿಸುತ್ತದೆ. ಅಕ್ಷರ ಕಲಿಯದ ಅಜ್ಜಿಗೆ ಆ ಶಾಸ್ತ್ರದ ಹೆಸರು ತಿಳಿದಿರಲಿಲ್ಲ, ಆದರೆ ಕಜ್ಜಿಗೆ, ಹುಳುಕಡ್ಡಿಗೆ ಏನು ಹಚ್ಚಬೇಕೆಂಬುದು ತಿಳಿದಿತ್ತು. ಹೊಟ್ಟೆಗೆ ಮಾತ್ರ ಇದು ಸಲ್ಲದು, ವಾಂತಿಯಾಗುತ್ತದೆ ಎಂದು ಬಟ್ಟಲನ್ನು ಮಕ್ಕಳ ಕೈಗೆಟುಕದ ಗೂಡಿನಲ್ಲಿಟ್ಟಳು.

ಬಿಸಿನೀರಿನಲ್ಲಿ ಕಾಲು ತೊಳೆದು, ಸಂದುಸಂದನ್ನೂ ಒಣಬಟ್ಟೆಯಿಂದ ಒತ್ತಿ ಒರೆಸಿದ ಮೇಲೆಯೇ ಚಿಟಿಕೆ ಅರಿಶಿನ ಬೆರೆಸಿದ ಉಗುರುಬೆಚ್ಚನೆಯ ಎಣ್ಣೆಯನ್ನು ಹಚ್ಚಿದಳು. “ಮತ್ತೆ ಕೆಸರಿಗಿಳಿದರೆ ಎಣ್ಣೆ ಏನು ಮಾಡೀತು? ನಾಲ್ಕು ದಿನ ಕಾಲು ಒಣಗಿರಲಿ. ಕೀವು ಕಟ್ಟಿದರೆ ಡಾಕ್ಟರ ಹತ್ತಿರ ಹೋಗು” ಎಂದಳು. ಗುಣದ ಅರ್ಧ ಪಾಲು ಆ ಒಣಗಿಸುವಿಕೆಯದೇ ಎಂದು ನನಗೆ ಈಗಲೂ ಅನಿಸುತ್ತದೆ.

ಕೀವು ಕಟ್ಟಲಿಲ್ಲ. ಮೂರನೆಯ ರಾತ್ರಿ ನವೆಯಿಲ್ಲದೆ ನಿದ್ದೆ ಬಂತು. ಬೆಳಿಗ್ಗೆ ಎದ್ದು ಕೊಟ್ಟಿಗೆಗೆ ಹೋದಾಗ, ಅಜ್ಜಿ ಬಟ್ಟಲಲ್ಲಿ ಮಿಕ್ಕಿದ್ದ ಎಣ್ಣೆಯನ್ನು ನೊಗ ಉಜ್ಜಿ ಹುಣ್ಣಾಗಿದ್ದ ಎತ್ತಿನ ಹೆಗಲಿನ ಸುತ್ತ ಹಚ್ಚುತ್ತಿದ್ದಳು. ನೊಣಗಳು ಆ ಕಡೆ ಸುಳಿಯುತ್ತಿರಲಿಲ್ಲ.